ಸೀಸದ ಸೈನಿಕರ ದಂಡಯಾತ್ರೆ

ಚತುರಂಗದಾಟದಲ್ಲಿ ಒಂದು ಸೌಲಭ್ಯವುಂಟು. ಆಟ ಮುಗಿದೊಡನೆ ಹತರಾದ ಪದಾತಿಗಳೂ ಉರುಳಿದ ಆನೆ ಕುದುರೆಗಳೂ ಪೆಟ್ಟಿಗೆ ಸೇರಿ, ಮರುದಿನ ಪೂರ್ಣಸಂಖ್ಯೆಯಲ್ಲಿ ಮತ್ತೆ ಹಲಗೆಯ ಮೇಲೆ ನಿಲ್ಲುತ್ತವೆ. ನಿನ್ನೆಯ ಅವಿವೇಕಕ್ಕೆ ಇಂದು ಯಾರೂ ಬೆಲೆ ತೆರಬೇಕಾಗಿಲ್ಲ. ನಿಜವಾದ ಯುದ್ಧದಲ್ಲಿ ಸೇನಾನಿಗೆ ಈ ಅನುಕೂಲವಿಲ್ಲ. ಆಟದ ಈ ಕೊರತೆಯನ್ನು ತುಂಬಲೆಂದೇ ಪಾಶ್ಚಾತ್ಯ ದೇಶಗಳಲ್ಲಿ ಒಂದು ವಿಚಿತ್ರ ಹವ್ಯಾಸ ಬೆಳೆದುಬಂದಿದೆ. ನೆಪೋಲಿಯನ್ ಕಾಲದ ಸಮವಸ್ತ್ರದ ಬಣ್ಣ ಬಳಿದ, ಹೆಬ್ಬೆರಳಿಗಿಂತಲೂ ಕಿರಿದಾದ ಗೊಂಬೆ ಸೈನಿಕರನ್ನು ಹೂಡಿ, ಯಾವ ಭೂಪಟದಲ್ಲೂ ಇಲ್ಲದ ರಾಜ್ಯಗಳ ನಡುವೆ ತಿಂಗಳುಗಟ್ಟಲೆ ನಡೆಸುವ ಕಾಲ್ಪನಿಕ ದಂಡಯಾತ್ರೆಯೇ ಅದು.

ಈ ವಿದ್ಯೆಗೆ ಶಾಸ್ತ್ರೀಯ ರೂಪ ಬಂದುದು ಪ್ರಷ್ಯಾದಲ್ಲಿ. ರೈಸ್ವಿಟ್ಸ್ ಎಂಬ ಅಧಿಕಾರಿ 1812ರಲ್ಲಿ ಬೆಟ್ಟ ಹೊಳೆಗಳನ್ನು ಜೋಡಿಸಬಹುದಾದ ಯುದ್ಧಕ್ರೀಡೆಯ ಮೇಜೊಂದನ್ನು ದೊರೆಗೆ ಒಪ್ಪಿಸಿದನು. ಅವನ ಮಗ 1824ರಲ್ಲಿ ಅದನ್ನು ನಕಾಶೆಗೆ ಅಳವಡಿಸಿ ನಿಯಮಗಳನ್ನು ಪ್ರಕಟಿಸಿದನು. ಎದುರಾಳಿಗಳಿಬ್ಬರ ನಡುವೆ ತೀರ್ಪುಗಾರನೊಬ್ಬನಿರುತ್ತಿದ್ದನು. ಶತ್ರು ಎಲ್ಲಿರುವನೆಂಬುದು ಅವನಿಗೆ ಮಾತ್ರ ಪೂರ್ತಿಯಾಗಿ ತಿಳಿದಿರುತ್ತಿತ್ತು. ಕಾಳಗದ ಫಲವನ್ನು ದಾಳ ಉರುಳಿಸಿ ನಿರ್ಣಯಿಸುತ್ತಿದ್ದನು. ಪ್ರಷ್ಯಾದ ಸೇನಾಮುಖ್ಯರು ಇದನ್ನು ಅಧಿಕಾರಿಗಳ ತರಬೇತಿಗೆ ಶಿಫಾರಸು ಮಾಡಿದರು.

ಕಲ್ಪಿತ ರಾಜ್ಯಗಳ ಸೊಗಸು ಬಂದುದಾದರೋ ಸಾಹಿತಿಗಳಿಂದ. ವಾಟರ್ಲೂ ಕದನ ನಡೆದ 11 ವರ್ಷಗಳ ಅನಂತರ, 1826ರಲ್ಲಿ, ಇಂಗ್ಲೆಂಡಿನ ಹಾವರ್ತ್ ಗ್ರಾಮದ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಮಗನಿಗೆಂದು 12 ಮರದ ಸೈನಿಕರನ್ನು ತಂದನು. ಮಗಳು ಷಾರ್ಲಟ್ ತನ್ನ ಗೊಂಬೆಗೆ ವೆಲಿಂಗ್ಟನ್ ಎಂದೂ, ಮಗ ಬ್ರಾನ್‌ವೆಲ್ ತನ್ನದಕ್ಕೆ ಬೋನಪಾರ್ಟ್ ಎಂದೂ ಹೆಸರಿಟ್ಟರು. ಮುಂದೆ ಮಹಾ ಕಾದಂಬರಿಕಾರ್ತಿಯಾದ ಷಾರ್ಲಟ್ಟಳ ಬಾಲ್ಯದ ಕಥಾರಾಜ್ಯಗಳೆಲ್ಲ ಹುಟ್ಟಿದ್ದು ಈ ಆಟದಿಂದ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1881-82ರ ಚಳಿಗಾಲದಲ್ಲಿ ಶ್ವಾಸಕೋಶದ ಬೇನೆಯ ನಿಮಿತ್ತ ಸ್ವಿಟ್ಸರ್ಲೆಂಡಿನ ದಾವೋಸಿನಲ್ಲಿದ್ದಾಗ, ಮಲಮಗ ಲಾಯ್ಡ್ ಆಸ್‌ಬರ್ನನೊಡನೆ ಅಟ್ಟದ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಿಂದ ದೇಶವೊಂದನ್ನು ಬರೆದು ಸೀಸದ ಸೈನ್ಯಗಳನ್ನು ನಡೆಸಿದನು. ಯುದ್ಧವಾರ್ತೆಗಳಿಗಾಗಿ ಕಲ್ಪಿತ ಪತ್ರಿಕೆಗಳನ್ನೂ ಸೃಷ್ಟಿಸಿದನು. ರೋಗಿಯ ದೀರ್ಘ ದಿನಗಳಿಗೆ ಇದಕ್ಕಿಂತ ಉಲ್ಲಾಸದ ಪಥ್ಯ ಬೇರೊಂದಿರಲಾರದು.

ಇಂದಿನ ದಂಡಯಾತ್ರೆಯ ಕ್ರಮ ಹೀಗಿದೆ. ಮೊದಲು ಎರಡು ಮೂರು ಕಲ್ಪಿತ ರಾಜ್ಯಗಳ ನಕಾಶೆ ಬರೆದು ಚೌಕಗಳಾಗಿ ವಿಂಗಡಿಸಬೇಕು. ಒಂದು ಗೊಂಬೆ 20 ಅಥವಾ 33 ಸೈನಿಕರ ಪ್ರತಿನಿಧಿಯೆಂದು ಎಣಿಸುವುದುಂಟು. ಪ್ರತಿಯೊಬ್ಬ ಸೇನಾನಿ ತನ್ನ ಆಜ್ಞೆಗಳನ್ನು ಬರೆದು ತೀರ್ಪುಗಾರನಿಗೆ ಕೊಡುತ್ತಾನೆ. ದೂರದ ದಳಕ್ಕೆ ಆಜ್ಞೆ ಮುಟ್ಟಲು ಸವಾರನಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕಾಯಲೇಬೇಕು. ಸೈನ್ಯಗಳ ಚಲನೆಯನ್ನು ಗುಟ್ಟಾಗಿಡಲು ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಸುಲಭೋಪಾಯವೊಂದನ್ನು ಪ್ರಚುರಪಡಿಸಿದನು: ಬೆಂಕಿಪೊಟ್ಟಣಗಳನ್ನು ಅಂಟಿಸಿ, ನಕಾಶೆಯ ಒಂದೊಂದು ಚೌಕಕ್ಕೆ ಒಂದೊಂದು ಪೊಟ್ಟಣವೆಂದು ಗೊತ್ತುಮಾಡುವುದು. ಒಂದೇ ಪೊಟ್ಟಣದಲ್ಲಿ ಇಬ್ಬರ ಗುರುತುಗಳೂ ಕೂಡಿದರೆ ಸೈನ್ಯಗಳು ಸಂಧಿಸಿದವೆಂದು ಅರ್ಥ. ಆಗಲೇ ಮೇಜಿನ ಮೇಲೆ ಗೊಂಬೆಗಳು ನಿಲ್ಲುವುದು. 1962ರಲ್ಲಿ ಪ್ರಕಟವಾದ ಗ್ರಂಥದಿಂದ ಈ ಹವ್ಯಾಸವನ್ನು ಮನೆಮನೆಗೆ ತಲುಪಿಸಿದ ಈ ಮಹನೀಯ, ವೃತ್ತಿಯಿಂದ ಅಂಗಮರ್ದನ ವ್ಯಾಯಾಮಗಳಿಂದ ರೋಗಿಗಳನ್ನು ಉಪಚರಿಸುವ ಭೌತಚಿಕಿತ್ಸಕನಾಗಿದ್ದನೆಂಬುದು ಸ್ವಾರಸ್ಯದ ಸಂಗತಿ.

ಕಾಳಗಕ್ಕಿಂತ ಕಠಿಣವಾದುದು ಕಾಳಗದವರೆಗಿನ ದಾರಿ. ಸೈನ್ಯ ದಿನವೂ ಉಣ್ಣಬೇಕು. ಗಾಡಿಗಳು ಹಿಂದುಳಿದರೆ ಪಡೆ ಕರಗುತ್ತದೆ. ಈ ಮಾತನ್ನು ವೆಲಿಂಗ್ಟನ್ ಕಲಿತದ್ದು ನಮ್ಮ ನಾಡಿನಲ್ಲೆಂಬುದು ಕನ್ನಡಿಗರು ನೆನೆಯತಕ್ಕದ್ದು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಭಾಗವಹಿಸಿದ ಅವನು, 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದನು. ಮೈಸೂರಿನ ಅಮೃತಮಹಲ್ ಎತ್ತುಗಳ ವೇಗವನ್ನೂ ತಾಳಿಕೆಯನ್ನೂ ಕಣ್ಣಾರೆ ಕಂಡ ಅವನು, ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ದಳಪತಿಗಳೊಡನೆ ಹೋರಾಡುವಾಗ, ಆ ಎತ್ತುಗಳು ತನ್ನ ಬಳಿ ಇಲ್ಲವೆಂದು ಪರಿತಪಿಸಿದನೆಂದು ಆ ತಳಿಯ ಚರಿತ್ರೆ ಹೇಳುತ್ತದೆ.

ಹಸಿವಿಗಿಂತಲೂ ಘೋರವಾದ ಶತ್ರು ರೋಗ. 1809ರಲ್ಲಿ ಬ್ರಿಟನ್ ಸುಮಾರು 40,000 ಜನರ ಸೈನ್ಯವನ್ನು ಹಾಲೆಂಡಿನ ವಾಲ್ಖೆರೆನ್ ದ್ವೀಪಕ್ಕೆ ಕಳುಹಿಸಿತು. ಹೋರಾಟದಲ್ಲಿ ಸತ್ತವರು ನೂರರ ಆಸುಪಾಸು. ಜೌಗಿನ ಜ್ವರಕ್ಕೆ ಬಲಿಯಾದವರು ಸುಮಾರು 4,000. 1812ರ ರಷ್ಯಾ ದಂಡಯಾತ್ರೆಯಿಂದ ಹಿಮ್ಮೆಟ್ಟಿದ ನೆಪೋಲಿಯನ್ನನ ಸೈನಿಕರ ಸಾಮೂಹಿಕ ಸಮಾಧಿ 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್ ನಗರದಲ್ಲಿ ದೊರೆಯಿತು. ಅಲ್ಲಿನ ಅವಶೇಷಗಳಲ್ಲಿ ಟೈಫಸ್ ಮತ್ತು ಕಂದಕಜ್ವರಗಳ ಕುರುಹು ಸಿಕ್ಕಿದುದಾಗಿ 2006ರಲ್ಲಿ ವರದಿಯಾಯಿತು. 2025ರಲ್ಲಿ 13 ಸೈನಿಕರ ಹಲ್ಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಪ್ಯಾರಾಟೈಫಾಯ್ಡ್ ಹಾಗೂ ಮರುಕಳಿಸುವ ಜ್ವರದ ಜೀವಾಣುಗಳನ್ನು ಗುರುತಿಸಿದರು. ಪ್ಯಾರಾಟೈಫಾಯ್ಡ್ ಕೆಟ್ಟ ಅನ್ನ ನೀರುಗಳಿಂದ ಬರತಕ್ಕದ್ದು. ಉಳಿದ ಮೂರೂ ಬಟ್ಟೆಯ ಹೇನಿನಿಂದ ಹರಡುವಂಥವು. ಸಮ್ರಾಟನ ಫಿರಂಗಿಗಳಿಗೆ ಈ ಹೇನನ್ನು ಹೊಡೆಯುವ ಶಕ್ತಿ ಇರಲಿಲ್ಲ.

ಆದುದರಿಂದಲೇ ಬಲ್ಲ ತೀರ್ಪುಗಾರನು ಜೌಗಿನಲ್ಲಿ ಬೀಡುಬಿಟ್ಟ ಸೈನ್ಯಕ್ಕೆ ರೋಗದ ದಾಳವನ್ನೂ ಉರುಳಿಸುತ್ತಾನೆ. ಕಾಳಗ ಮುಗಿದ ಮೇಲೆ ಲೆಕ್ಕದ ಪುಸ್ತಕ ತೆರೆಯುತ್ತಾನೆ: ಬಿದ್ದ ಗೊಂಬೆಗಳಲ್ಲಿ ಕೆಲವು ಮರುದಿನ ದಳಕ್ಕೆ ಮರಳುತ್ತವೆ, ಕೆಲವು ವಾರಗಟ್ಟಲೆ ಆಸ್ಪತ್ರೆಯಲ್ಲಿರುತ್ತವೆ, ಉಳಿದವು ದಂಡಯಾತ್ರೆ ಮುಗಿಯುವವರೆಗೂ ಪೆಟ್ಟಿಗೆಯಿಂದ ಹೊರಬರುವಂತಿಲ್ಲ. ಸೇತುವೆಯೊಂದಕ್ಕಾಗಿ ಮುನ್ನೂರು ಜನರನ್ನು ಕಳೆದವನಿಗೆ ಮುಂದಿನ ಊರಿನ ಬಾಗಿಲಲ್ಲಿ ಆ ಮುನ್ನೂರರ ಅಭಾವ ಕಾಡುತ್ತದೆ. ಧೈರ್ಯಶಾಲಿಯೆನಿಸಿಕೊಂಡ ಆಟಗಾರನೂ ಎರಡನೆಯ ತಿಂಗಳಿಗೆ ಜಾಗರೂಕನಾಗುವುದು ಹೀಗೆ.

ಸೀಸದ ಸೈನಿಕರ ಆಟಕ್ಕೆ ನಿಯಮಾವಳಿ ಬರೆದ ಎಚ್. ಜಿ. ವೆಲ್ಸ್, 1913ರ ತನ್ನ ಪುಸ್ತಕದ ಕೊನೆಯಲ್ಲಿ, ಇದನ್ನು ಮೂರು ನಾಲ್ಕು ಬಾರಿ ಆಡಿದವನಿಗೆ ನಿಜವಾದ ಮಹಾಯುದ್ಧ ಎಂಥ ಎಡವಟ್ಟಿನ ಕಾರ್ಯವೆಂಬುದು ಮನದಟ್ಟಾಗುವುದೆಂಬ ಆಶಯವನ್ನು ವ್ಯಕ್ತಪಡಿಸಿದನು. ಮರುವರ್ಷವೇ ಯೂರೋಪು ಯುದ್ಧಕ್ಕಿಳಿಯಿತು. ಅಲ್ಲಿ ಮಡಿದವರನ್ನು ಮತ್ತೆ ಹಲಗೆಯ ಮೇಲೆ ನಿಲ್ಲಿಸುವ ನಿಯಮ ಯಾವ ಸೇನಾನಿಯ ಬಳಿಯೂ ಇರಲಿಲ್ಲ.