ಗಂಡಭೇರುಂಡ ಮತ್ತು ಸೇನಾಲಾಂಛನ

ಕಳಸದ ವಿದ್ಯಾರ್ಥಿಯು ಸರ್ಕಾರಿ ಕಾಗದಗಳ ಶಿರೋಭಾಗದಲ್ಲಿ ಕಾಣುವ ಎರಡು ತಲೆಯ ಪಕ್ಷಿಯನ್ನೇ ಭಾರತೀಯ ಸೇನೆಯ 61ನೆಯ ಅಶ್ವದಳದ ಯೋಧನು ಲಾಂಛನವಾಗಿ ಧರಿಸುತ್ತಾನೆ. ಅದು ಮೈಸೂರು ಅರಸರ ಗಂಡಭೇರುಂಡ. ಗಂಡ ಎಂದರೆ ಶೂರ, ಭೇರುಂಡ ಎಂದರೆ ಭಯಂಕರ. ಕನ್ನಡ ಸಂಸ್ಕೃತಗಳು ಬೆರೆತ ಈ ಪದವು ಅರಿಸಮಾಸವೇ ಸರಿ. ಆದರೆ ಬಿರುದುಗಳಲ್ಲಿ ಅದಕ್ಕೆ ವೈಯಾಕರಣರ ಸಮ್ಮತಿಯುಂಟು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಪಕ್ಷಿಯು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿದೆ. ಗಜಬಲವನ್ನೂ ಮೀರಿದ ಬಲವೆಂಬುದೇ ಅದರ ಸಂಕೇತ.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ರಾವುತರೂ ಇದ್ದರು. ಫಿರಂಗಿಗಳನ್ನು ಹಿಡಿಯಲು ಅವರು ಕಡಿದಾದ ಕಾರ್ಮೆಲ್ ಬೆಟ್ಟವನ್ನೇರಿದರು. 1953ರಲ್ಲಿ ಹಲವು ಸಂಸ್ಥಾನಗಳ ಅಶ್ವಸೈನ್ಯಗಳು ಒಂದಾಗಿ 61ನೆಯ ಅಶ್ವದಳವು ರೂಪುಗೊಂಡಿತು. ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರು ಅಳಿದರೂ ಹೊಸ ದಳದ ಲಾಂಛನಕ್ಕೆ ಮೈಸೂರಿನ ಪಕ್ಷಿಯೇ ಬಂದಿತು.