ರಾಯದುರ್ಗ–ಮಡಕಶಿರ ಸೀಮೆಯ ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವ ಕ್ರಮಗಳು

ನಮ್ಮ ಗಡಿನಾಡಿನ ಶಾಸನಗಳನ್ನು ಕುರಿತು, ಹೇಮಾವತಿಯ ದೇವಾಲಯಗಳನ್ನು ಕುರಿತು, ರಾಯದುರ್ಗದ ಕೋಟೆಯನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಊರ ಮುಂದಿನ ಕೆರೆಯಲ್ಲಿ ಸೊಂಟದ ಮಟ್ಟದ ನೀರಿಗಿಳಿದು ಬಲೆ ಬೀಸುವ ಬೆಸ್ತನ ವಿದ್ಯೆಯನ್ನು ಬರೆದಿಟ್ಟವರು ಕಡಿಮೆ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ಅನಂತಪುರದ ಬರಸೀಮೆಯಲ್ಲಿ ಮೀನುಗಾರಿಕೆಯೆಂಬುದೊಂದು ಉಂಟೆ ಎಂದು ನಗುವವರೂ ಇದ್ದಾರೆ. ಉಂಟು. ನೀರು ಕಡಿಮೆಯಾದ ನಾಡಾದುದರಿಂದಲೇ ಇಲ್ಲಿಯ ಮೀನುಗಾರಿಕೆಗೆ ತನ್ನದೇ ಆದ ಒಂದು ಕ್ರಮ ಬಂದಿದೆ. ಸಮುದ್ರದ ಮೀನುಗಾರ ಮೀನನ್ನು ಹುಡುಕಿಕೊಂಡು ಹೋಗುತ್ತಾನೆ. ನಮ್ಮ ಸೀಮೆಯ ಬೆಸ್ತ ನೀರು ಏರುವುದನ್ನೂ ಇಳಿಯುವುದನ್ನೂ ಕಾಯುತ್ತಾನೆ. ನೀರಿನ ಒಂದೊಂದು ಮಟ್ಟಕ್ಕೂ ಒಂದೊಂದು ಸಾಧನ. ಒಂದೊಂದು ಸಾಧನಕ್ಕೂ ಒಂದೊಂದು ಹೆಸರು. ಈ ಕ್ರಮವನ್ನು ಸ್ಥೂಲವಾಗಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾಡು ಮತ್ತು ನೀರು

ರಾಯದುರ್ಗ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರು ಸಂಸ್ಥಾನಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. ರಾಯದುರ್ಗವು ಅನಂತಪುರ ಜಿಲ್ಲೆಗೆ ಬಂದಿತು. ಮಡಕಶಿರವು ಅನಂತಪುರ ಜಿಲ್ಲೆಯ ಹಳೆಯ ತಾಲ್ಲೂಕು. 2022ರ ಏಪ್ರಿಲಿನಿಂದ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆಡಳಿತದ ಗೆರೆಗಳು ಹೀಗೆ ಬದಲಾದರೂ ನೀರಿನ ದಾರಿ ಬದಲಾಗಿಲ್ಲ. ಮಡಕಶಿರದ ಅಂಚಿನಲ್ಲಿ ಹರಿಯುವ ಸುವರ್ಣಮುಖಿಯು ಹಿರಿಯೂರು ತಾಲ್ಲೂಕಿನ ಕೂಡಲಹಳ್ಳಿಯಲ್ಲಿ ವೇದಾವತಿಯನ್ನು ಕೂಡುತ್ತದೆ. ಆ ವೇದಾವತಿಯೇ ಮುಂದೆ ಹಗರಿಯೆಂಬ ಹೆಸರಿನಿಂದ ರಾಯದುರ್ಗ ಸೀಮೆಗೆ ಬಂದು, ಭೈರವಾನಿತಿಪ್ಪದ ಅಣೆಕಟ್ಟಿನಲ್ಲಿ ತಂಗಿ, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ನಮ್ಮ ಎರಡು ಸೀಮೆಗಳನ್ನು ಒಂದೇ ನೀರು ಕರ್ನಾಟಕದ ನೆಲವನ್ನು ಬಳಸಿಕೊಂಡು ಜೋಡಿಸಿದೆ ಎಂಬುದು ಗಮನಿಸತಕ್ಕ ವಿಷಯ.

ಹಗರಿಯು ವರ್ಷದ ಹೆಚ್ಚು ಕಾಲ ಮರಳಿನ ಹೊಳೆ. ಮೇಲೆ, ಹಿರಿಯೂರಿನ ಬಳಿ ಮಾರಿಕಣಿವೆಯ ವಾಣಿವಿಲಾಸ ಸಾಗರವುಂಟು; 1907ರಲ್ಲಿ ಪೂರ್ತಿಯಾದ ಈ ಅಣೆ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಕೆಳಗಿನ ಹೊಳೆಯಲ್ಲಿ ತುಂಬುನೀರು ಎಷ್ಟು ಅಪರೂಪವೆಂಬುದನ್ನು ಇದರಿಂದಲೇ ಊಹಿಸಬಹುದು. ಪ್ರವಾಹ ಇಳಿದ ಮೇಲೆ ಹೊಳೆಯ ತಿರುವುಗಳಲ್ಲಿ ನಿಲ್ಲುವ ಮಡುಗಳೇ ಹೊಳೆಯ ಮೀನಿಗೆ ಆಸರೆ. ಉಳಿದಂತೆ ಇಲ್ಲಿಯ ಮೀನುಗಾರಿಕೆಯೆಂದರೆ ಮುಖ್ಯವಾಗಿ ಕೆರೆಯ ಮೀನುಗಾರಿಕೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರನ್ನು ಪಡೆಯುವ ಕಣೇಕಲ್ಲಿನ ಕೆರೆಯಂಥವನ್ನು ಬಿಟ್ಟರೆ ಮಿಕ್ಕವು ಮಳೆಯನ್ನೇ ನಂಬಿದುವು.

ಹೊಸ ನೀರಿನ ಕಾಲ: ಕೂಳಿ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹಳ್ಳದಲ್ಲಿ ಕೆನ್ನೀರು ಹರಿದೊಡನೆ ಕೆರೆಯ ತಳದಲ್ಲಿ ಉಳಿದಿದ್ದ ಮೀನು ಹರಿವಿಗೆ ಎದುರಾಗಿ ಏರತೊಡಗುತ್ತದೆ. ಮೊಟ್ಟೆಯಿಡಲು ತಿಳಿಯಾದ, ಆಳವಿಲ್ಲದ ಜಾಗ ಅದಕ್ಕೆ ಬೇಕು. ಆಗ ಹಳ್ಳದ ಕಿರಿದಾದ ಬಾಯಿಯಲ್ಲಿ, ಗದ್ದೆಯ ಬದುವಿನ ಕಂಡಿಯಲ್ಲಿ ಕೂಳಿಯನ್ನು ಒಡ್ಡುತ್ತಾರೆ. ಕೂಳಿಯೆಂದರೆ ಬಿದಿರು ಸೀಳಿನಿಂದ ಹೆಣೆದ ಉದ್ದನೆಯ ಬುಟ್ಟಿ. ಬಾಯಿ ಅಗಲ, ಒಳಗೆ ಬಿದಿರಿನ ಚೂಪುಗಡ್ಡಿಗಳು ಒಳಮುಖವಾಗಿ ಬಾಗಿ ಕೂಡಿರುತ್ತವೆ. ಒಳಹೋಗುವ ಮೀನಿಗೆ ಆ ಕಡ್ಡಿಗಳು ಬಾಗಿ ದಾರಿ ಕೊಡುತ್ತವೆ, ಹಿಂತಿರುಗುವ ಮೀನಿಗೆ ಮೊನೆಯೊಡ್ಡುತ್ತವೆ. ಕಾಯುವ ಆಳು ಬೇಡ, ಎರೆ ಬೇಡ. ನೀರಿನ ಓಟವೇ ಕೆಲಸ ಮಾಡುತ್ತದೆ.

ಇಷ್ಟು ಸುಲಭವಾದುದರಿಂದಲೇ ಕೂಳಿಗೆ ಒಂದು ಅಪಾಯವೂ ಉಂಟು. ಏರುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಹಳ್ಳದ ಅಡ್ಡಗಲವನ್ನೆಲ್ಲ ಮುಚ್ಚಿ ಕೂಳಿಯಿಟ್ಟರೆ ಮುಂದಿನ ವರ್ಷದ ಮೀನನ್ನೂ ಇಂದೇ ಹಿಡಿದಂತೆ. ಒಂದು ಪಕ್ಕ ದಾರಿ ಬಿಟ್ಟು ಇನ್ನೊಂದು ಪಕ್ಕದಲ್ಲಿ ಒಡ್ಡುವುದೇ ಬಾಳುವ ಕ್ರಮ. ತೆಲುಗು ನಾಡಿನ ಹಲವೆಡೆ ಮೃಗಶಿರ ಕಾರ್ತೆ ಕೂಡುವ ದಿನ ಮೀನಿನೂಟ ಮಾಡುವ ರೂಢಿಯುಂಟು; ಅದು ಈ ಹೊಸ ನೀರಿನ ಕಾಲವೇ ಎಂಬುದನ್ನು ನೆನೆಯಬಹುದು.

ತುಂಬಿದ ಕೆರೆಯ ಕಾಲ: ಗಾಳ ಮತ್ತು ಕಟ್ಟುಬಲೆ

ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ ಕೆರೆ ತುಂಬಿತೆಂದರೆ ಮೀನು ಹರಡಿಹೋಗುತ್ತದೆ. ಬೀಸುವ ಬಲೆಗೆ ಸಿಕ್ಕದು. ಆಗ ಗಾಳಕ್ಕೆ ಬೆಲೆ. ಬಿದಿರಿನ ಕೋಲು, ಹುರಿ, ಜೋಳದ ದಂಟಿನ ಬೆಂಡು, ಮೊನೆಯ ಹಿಂದೆ ಕಿರುಮುಳ್ಳುಳ್ಳ ಕಬ್ಬಿಣದ ಗಾಳ: ಸಾಮಗ್ರಿ ಇಷ್ಟೇ. ವಿದ್ಯೆಯಿರುವುದು ಎರೆಯಲ್ಲಿ ಮತ್ತು ಬೆಂಡನ್ನು ಓದುವುದರಲ್ಲಿ. ಗೆಂಡೆಯ ಜಾತಿಯವು ಹಿಟ್ಟಿನ ಉಂಡೆಗೆ ಬರುತ್ತವೆ. ಸಣ್ಣ ಮೀನುಗಳು ಎರೆಹುಳುವಿಗೆ ಬರುತ್ತವೆ. ಕೊರವ ಮತ್ತು ಬಾಳೆಮೀನು ಬೇಟೆಗಾರ ಮೀನುಗಳು. ಅವಕ್ಕೆ ಮಿಸುಕಾಡುವ ಕಪ್ಪೆಮರಿಯನ್ನೋ ಕಿರುಮೀನನ್ನೋ ಸಿಕ್ಕಿಸಬೇಕು. ಬೆಂಡು ಪಟಪಟನೆ ಕುಣಿದರೆ ಸಣ್ಣ ಮೀನು ಎರೆಯನ್ನು ಕುಟುಕುತ್ತಿದೆಯೆಂದು ಅರ್ಥ. ಓರೆಯಾಗಿ ಒಮ್ಮೆಗೇ ಮುಳುಗಿ ಸಾಗಿದರೆ ದೊಡ್ಡದು ನುಂಗಿದೆ. ಉದ್ದವಾದ ಒಂದು ಹುರಿಗೆ ಹತ್ತಿಪ್ಪತ್ತು ಗಾಳಗಳನ್ನು ಕಟ್ಟಿ ಸಂಜೆ ಬಿಟ್ಟು ಬೆಳಗ್ಗೆ ಎತ್ತುವುದೂ ಉಂಟು.

ಗಾಳದ ವಿದ್ಯೆ ಬಡವರ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ರಾಜನ ವಿನೋದಗಳ ನಡುವೆ ‘ಮತ್ಸ್ಯವಿನೋದ’ಕ್ಕೂ ಸ್ಥಾನವಿದೆ. ಅಲ್ಲಿ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ, ಪೊರೆಯುಳ್ಳವು, ಪೊರೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರವನ್ನು ಹಾಕಿ ಗಾಳದಿಂದ ಹಿಡಿಯಬೇಕೆಂದು ಹೇಳಿದೆ. ಮೀನಿನ ತಿನಿಸಿನಿಂದ ಮೀನನ್ನು ಗುರುತಿಸುವ ಆ ಕ್ರಮವನ್ನೇ ನಮ್ಮ ಕೆರೆಯ ಏರಿಯ ಮೇಲೆ ಅಕ್ಷರ ಬಾರದವರೂ ನಡೆಸಿಕೊಂಡು ಬಂದಿದ್ದಾರೆ.

ಆಳ ನೀರಿನ ಇನ್ನೊಂದು ಸಾಧನ ಕಟ್ಟುಬಲೆ. ಮೇಲಂಚಿಗೆ ತೇಲುವ ಬೆಂಡು, ಕೆಳಅಂಚಿಗೆ ತೂಕ ಕಟ್ಟಿ ನೀರಿನಲ್ಲಿ ಗೋಡೆಯಂತೆ ನಿಲ್ಲಿಸುತ್ತಾರೆ. ಕಾಣದೆ ಬಂದ ಮೀನಿನ ತಲೆ ಬಲೆಯ ಕಣ್ಣಿನೊಳಗೆ ನುಗ್ಗುತ್ತದೆ, ದೇಹ ನುಗ್ಗದು. ಹಿಂದೆ ಸರಿಯಹೋದರೆ ಕಿವಿರಿನ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಕಣ್ಣಿನ ಅಳತೆಯೇ ಮೀನಿನ ಅಳತೆ. ಅಗಲ ಕಣ್ಣಿನ ಬಲೆ ಮರಿಯನ್ನು ಬಿಟ್ಟು ಬೆಳೆದುದನ್ನು ಮಾತ್ರ ಹಿಡಿಯುತ್ತದೆ. ಕಿರಿಗಣ್ಣಿನ ಬಲೆ ಮರಿಯನ್ನೂ ಬಿಡದು. ಹಿಂದೆ ಬಲೆಗಳು ಹತ್ತಿಯ ನೂಲು, ಸೆಣಬುಗಳವು. ಕೊಳೆಯದಂತೆ ಒಗರು ಚಕ್ಕೆಯ ಕಷಾಯದಲ್ಲಿ ಅದ್ದಿ ಒಣಗಿಸಬೇಕಾಗಿತ್ತು. ನೈಲಾನ್ ಬಂದ ಮೇಲೆ ಈ ಶ್ರಮ ತಪ್ಪಿತು. ಆದರೆ ಮನೆಯಲ್ಲಿ ಕಣ್ಣನ್ನು ಬೆರಳಿನಿಂದ ಅಳೆದು ಹೆಣೆಯುತ್ತಿದ್ದವನಿಗೆ ಯಾವ ಮೀನಿಗೆ ಯಾವ ಕಣ್ಣೆಂಬುದು ಬಾಯಿಪಾಠವಾಗಿರುತ್ತಿತ್ತು. ಅಂಗಡಿಯ ಬಲೆ ಕೊಂಡವನಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗಿದೆ.

ಆಳದ ನೀರಿಗೆ ಹೋಗಲು ಹರಿಗೋಲು, ಇಲ್ಲವೆ ತೆಪ್ಪ. ಬಿದಿರ ಹಂದರಕ್ಕೆ ತೊಗಲು ಹೊದಿಸಿದ ದುಂಡು ಹರಿಗೋಲನ್ನು 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬುಟ್ಟಿಯಂಥ ದೋಣಿಯೆಂದು ವರ್ಣಿಸಿದ್ದಾನೆ. ಈಚೆಗೆ ತೊಗಲಿನ ಸ್ಥಾನಕ್ಕೆ ಟಾರು ಬಳಿದ ಚೀಲ, ಪ್ಲಾಸ್ಟಿಕ್ ಹಾಳೆಗಳು ಬಂದಿವೆ. ಲಾರಿಯ ಗಾಳಿ ತುಂಬಿದ ಟ್ಯೂಬಿನ ಮೇಲೆ ಕುಳಿತು ಬಲೆ ಬಿಡುವವರೂ ಇದ್ದಾರೆ.

ಇಳಿವ ನೀರಿನ ಕಾಲ: ಬೀಸುಬಲೆ, ಎಳೆಬಲೆ, ಬರಿಗೈ

ತೂಬಿನಿಂದ ಗದ್ದೆಗೆ ನೀರು ಹರಿದು ಕೆರೆ ಸೊಂಟದ ಮಟ್ಟಕ್ಕೆ ಬಂದಾಗ ಬೀಸುಬಲೆಯ ಕಾಲ. ದುಂಡಗೆ ಹೆಣೆದು ಅಂಚಿನ ಸುತ್ತ ಸೀಸದ ಗುಂಡು ಕಟ್ಟಿದ ಬಲೆಯಿದು. ಒಂದು ಭಾಗವನ್ನು ಮೊಳಕೈಯ ಮೇಲೆ ಹಾಕಿಕೊಂಡು, ಸೊಂಟ ತಿರುಗಿಸಿ ಬೀಸಿದರೆ ಛತ್ರಿಯಂತೆ ಬಿಚ್ಚಿ ನೀರಿನ ಮೇಲೆ ಬೀಳಬೇಕು. ಗುಂಡುಗಳು ತಳ ಮುಟ್ಟುವವರೆಗೆ ತಾಳಿ, ನಡುವಿನ ಹಗ್ಗವನ್ನು ಮೆಲ್ಲಗೆ ಎಳೆದರೆ ಅಂಚುಗಳು ಕೂಡಿಕೊಂಡು ಮೀನು ಒಳಗೆ ಉಳಿಯುತ್ತದೆ. ಆತುರದಿಂದ ಎಳೆದರೆ ಅಂಚು ಎದ್ದು ಮೀನು ತಪ್ಪಿಸಿಕೊಳ್ಳುತ್ತದೆ. ತಳದಲ್ಲಿ ಕೊರಡು ಮುಳ್ಳುಗಳಿದ್ದರೆ ಬಲೆಯೇ ಹರಿಯುತ್ತದೆ. ಕೆರೆಯಂಗಳಕ್ಕೆಲ್ಲ ಬಳ್ಳಾರಿ ಜಾಲಿ ಹಬ್ಬಿದ ಮೇಲೆ ಬೀಸುಬಲೆಗೆ ಜಾಗ ಕಿರಿದಾಗಿದೆ.

ಬೇಸಗೆಯಲ್ಲಿ ನೀರು ಗುಂಡಿಗೆ ಸೇರಿದಾಗ ಎಳೆಬಲೆ. ಎರಡು ತುದಿಗಳನ್ನು ಹಲವು ಜನ ಹಿಡಿದು ದಡದತ್ತ ಎಳೆಯುತ್ತಾರೆ. ಇದು ಒಬ್ಬನ ಕೆಲಸವಲ್ಲ. ಆದುದರಿಂದ ಪಾಲಿನ ಲೆಕ್ಕ ಮೊದಲೇ ನಿಶ್ಚಯವಾಗಿರಬೇಕು. ಬಲೆಯವನಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂಬ ಮಾತು ಕೆಟ್ಟರೆ ಮೀನಿಗಿಂತ ಜಗಳವೇ ಹೆಚ್ಚಾಗುತ್ತದೆ.

ಕೊನೆಗೆ ಕೆಸರು ಮಾತ್ರ ಉಳಿಯುತ್ತದೆ. ಆಗಲೂ ಕೊರವ, ಚೇಳುಮೀನು ಮೊದಲಾದುವು ಬದುಕಿರುತ್ತವೆ. ಏಕೆಂದರೆ ಕಿವಿರಲ್ಲದೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಅವಕ್ಕುಂಟು. ಕೆಸರಿನ ಮೇಲೇಳುವ ಗುಳ್ಳೆಯನ್ನು ಗುರುತಿಸಿ, ತಳವಿಲ್ಲದ ಬುಟ್ಟಿಯನ್ನು ಮೇಲೆ ಕವುಚಿ, ಮೇಲಿನ ಬಾಯಿಂದ ಕೈಹಾಕಿ ಹಿಡಿಯುತ್ತಾರೆ. ಚೇಳುಮೀನಿನ ಮುಳ್ಳು ತಗುಲಿದರೆ ನೋವು ಹೇಳತೀರದು, ಹೆಸರೇ ಎಚ್ಚರಿಕೆ. ಕೊರವ ಮೀನಿನ ಜೋಡಿಯು ತನ್ನ ಕೆಂಬಣ್ಣದ ಮರಿಗಳ ಹಿಂಡನ್ನು ಕಾಯುತ್ತಿರುತ್ತದೆ. ಆ ಸಮಯದಲ್ಲಿ ತಾಯಿಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ ಬೀಳುತ್ತವೆ.

ಕಾರೆಕಾಯಿಯನ್ನು ಜಜ್ಜಿ, ಕಳ್ಳಿಹಾಲನ್ನು ಸುರಿದು ಮೀನನ್ನು ಅಮಲೇರಿಸುವ ಕ್ರಮವೂ, ಮದ್ದು ಸಿಡಿಸುವ ಕ್ರಮವೂ ಉಂಟೆಂದು ಬಲ್ಲೆವು. ಇವು ವಿದ್ಯೆಯಲ್ಲ. ಸಿಡಿಮದ್ದನ್ನೂ ವಿಷವನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತು. ಅದೇ ಕೆರೆಯ ನೀರನ್ನು ದನ ಕುಡಿಯುತ್ತದೆಂಬುದನ್ನು ತಿಳಿಯಲು ಕಾಯಿದೆಯೂ ಬೇಡ.

ಎರಡು ನುಡಿಗಳ ಒಂದೇ ಬಲೆ

ಭಾಷಾಭ್ಯಾಸಿಗಳಿಗೆ ಈ ವೃತ್ತಿಯ ಮಾತುಗಳು ಒಂದು ಗಣಿ. ಕನ್ನಡದ ಬಲೆ ತೆಲುಗಿನ ವಲ. ಬೇಟೆ–ವೇಟ ಎಂಬಲ್ಲಿರುವಂತೆ ಮೂಲದ ವಕಾರ ಕನ್ನಡದಲ್ಲಿ ಬಕಾರವಾಗಿದೆ. ಕೆರೆ–ಚೆರುವು ಎಂಬಲ್ಲಿ ಕಕಾರವು ತೆಲುಗಿನಲ್ಲಿ ಚಕಾರವಾಗಿದೆ. ಕಿವಿ–ಚೆವಿ ಇದರ ಜೊತೆಯದು. ಗಾಳ–ಗಾಲಮು, ತೂಬು–ತೂಮು ಒಂದೇ ಮನೆಯವು. ಆದರೆ ಕೋಡಿಗೆ ತೆಲುಗಿನವರು ಅಲುಗು, ಮರವ ಎನ್ನುತ್ತಾರೆ. ಸೀಗಡಿಗೆ ರೊಯ್ಯ ಎನ್ನುತ್ತಾರೆ. ಮೀನಿಗೆ ಅವರ ಬಳಕೆಯ ಮಾತು ಚೇಪ. ಆದರೂ ಕೊರ್ರಮೀನು ಎಂಬಲ್ಲಿ ಮೀನು ಉಳಿದಿದೆ. ಸಂಸ್ಕೃತದ ‘ಮೀನ’ ಶಬ್ದವೂ ದ್ರಾವಿಡದಿಂದ ಹೋದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ನಮ್ಮ ಬಾಳೆಮೀನಿಗೆ ತೆಲುಗಿನಲ್ಲಿ ವಾಲಗ. ಶಾಸ್ತ್ರಜ್ಞರು ಆ ಕುಲಕ್ಕೆ ಇಟ್ಟ ‘ವಲ್ಲಾಗೊ’ ಎಂಬ ಹೆಸರು ಈ ತೆಲುಗು ಮಾತಿನಿಂದಲೇ ಬಂದುದು. ಬೆಸ್ತರ ಮಾತು ಲೋಕದ ಶಾಸ್ತ್ರಗ್ರಂಥಕ್ಕೆ ಸೇರಿದ ಬಗೆಯಿದು.

ಇಂದಿನ ಸ್ಥಿತಿ

1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಚೋದಕ ರಸದ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ನಿಂತ ನೀರಿನಲ್ಲಿ ಮೊಟ್ಟೆಯಿಡದ ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಮರಿಗಳು ಆ ಬಳಿಕ ಎಲ್ಲ ಕಡೆಯ ಕೆರೆಗಳಿಗೂ ದೊರೆಯುವಂತಾಯಿತು. ಕೆರೆಯನ್ನು ಗುತ್ತಿಗೆ ಹಿಡಿದು, ಮರಿ ಬಿಟ್ಟು, ಬೆಳೆದ ಮೇಲೆ ಎಳೆಯುವುದು ಈಗಿನ ಪದ್ಧತಿ. ಇದರಿಂದ ಊಟಕ್ಕೆ ಮೀನು ಹೆಚ್ಚಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಮೀನು ಬಿತ್ತಿದ ಬೆಳೆಯಾದಾಗ ಹಲವು ಮೀನುಗಳಿಗೆ ಹಲವು ಸಾಧನಗಳಿದ್ದ ವಿದ್ಯೆ ಒಂದೆರಡು ಬಲೆಗಳಿಗೆ ಇಳಿಯಿತು. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯ, ನಮ್ಮವರ ಜಿಲೇಬಿ ಮೀನು, ಕೆರೆಗಳಲ್ಲಿ ತಾನೇ ಹಬ್ಬಿ ಹಳೆಯ ಮೀನುಗಳ ಜಾಗವನ್ನು ಹಿಡಿಯಿತು.

ಒಂದು ಹಳೆಯ ಮಾತನ್ನು ಇಲ್ಲಿ ನೆನೆಯಬೇಕು. ತಮಿಳುನಾಡಿನ ಶಾಸನಗಳಲ್ಲಿ ‘ಮೀನ್ ಪಾಟ್ಟಂ’ ಎಂಬುದು ಬರುತ್ತದೆ: ಕೆರೆಯ ಮೀನಿನ ಗುತ್ತಿಗೆಯ ಹಣ. ಅದನ್ನು ಅದೇ ಕೆರೆಯ ಹೂಳೆತ್ತಲು, ಏರಿಯನ್ನು ಬಲಪಡಿಸಲು ಬಿಟ್ಟುದುಂಟು. ನಮ್ಮ ಕನ್ನಡ ಶಾಸನಗಳ ಬಿತ್ತುವಟ್ಟವೂ ಕೆರೆಯ ರಕ್ಷಣೆಗೆ ಬಿಟ್ಟ ದತ್ತಿಯೇ. ಕೆರೆಯಿಂದ ಪಡೆದುದರಲ್ಲಿ ಒಂದಂಶವನ್ನು ಕೆರೆಗೇ ಹಿಂದಿರುಗಿಸಬೇಕೆಂಬ ಈ ತತ್ತ್ವ ಇಂದಿನ ಹರಾಜಿನಲ್ಲಿಯೂ ನೆಲಸಿದರೆ ಹೂಳು ತುಂಬಿದ ನಮ್ಮ ಕೆರೆಗಳಿಗೆ ಉಪಕಾರವಾದೀತು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಮ್ಮ ತರಗತಿಗಳಲ್ಲಿ ಬೆಸ್ತರ ಮಕ್ಕಳಿದ್ದಾರೆ. ಅವರ ಮನೆಗಳಲ್ಲಿ ಕೂಳಿ ಹೆಣೆಯಬಲ್ಲ, ಬಲೆಯ ಕಣ್ಣನ್ನು ಬೆರಳಿನಿಂದ ಅಳೆಯಬಲ್ಲ ಅಜ್ಜಂದಿರು ಇನ್ನೂ ಇರಬಹುದು. ಒಂದೊಂದು ಶಾಲೆಯವರು ತಮ್ಮ ಊರಿನ ಕೆರೆಯ ಮೀನುಗಳ ಹೆಸರನ್ನೂ ಸಾಧನಗಳ ಹೆಸರನ್ನೂ ಎರಡು ನುಡಿಗಳಲ್ಲಿ ಬರೆಸಿ, ಯಾವ ತಿಂಗಳಲ್ಲಿ ಯಾವುದನ್ನು ಹೇಗೆ ಹಿಡಿಯುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ಗುರುತಿಸಿಕೊಂಡರೆ ಸಾಕು. ಎಷ್ಟೋ ವರ್ಷ ಒಣಗಿದ ಕೆರೆಗೂ ಒಂದು ಮಳೆಗೆ ನೀರು ಬರುತ್ತದೆ. ಮರೆತ ವಿದ್ಯೆ ಹಾಗೆ ಬರುವುದಿಲ್ಲ.