ಕೆಂಪು ಶಾಯಿಯ ಆಚೆಗೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲಾರಂಭಿಸಿ ಹದಿನೆಂಟು ವರ್ಷಗಳಾದುವು. ಈ ಅವಧಿಯಲ್ಲಿ ನಾನು ತಿದ್ದಿದ ಬರೆಹಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಪ್ರಬಂಧ ಮಾತ್ರ ಇಂದಿಗೂ ನನ್ನನ್ನೇ ತಿದ್ದುತ್ತಿದೆ.

'ನನ್ನ ಊರು' ಎಂಬುದು ವಿಷಯ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಊರಿನ ಕೆರೆಯ ವರ್ಣನೆಯಿಂದ ತೊಡಗಿ, ತನಗೆ ರಾತ್ರಿ ನಿದ್ದೆ ಬರುವುದಿಲ್ಲವೆಂದೂ, ಊಟ ಸೇರುವುದಿಲ್ಲವೆಂದೂ, ತರಗತಿಯಲ್ಲಿ ಕುಳಿತಿದ್ದರೂ ತಾನು ಅಲ್ಲಿಲ್ಲವೆಂದು ತೋರುವುದೆಂದೂ ಬರೆದಿದ್ದ. ನಾನು ಮೂರು ಕಡೆ ಒತ್ತಕ್ಷರ ತಿದ್ದಿದೆ. ಅಂಚಿನಲ್ಲಿ 'ವಿಷಯಾಂತರ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಹತ್ತಕ್ಕೆ ಐದು ಅಂಕ ಕೊಟ್ಟೆ. ಮುಂದಿನ ತಿಂಗಳು ಅವನು ತರಗತಿಗೆ ಬರಲಿಲ್ಲ. ಓದನ್ನು ಬಿಟ್ಟು ಊರಿಗೆ ಹೊರಟುಹೋದನೆಂದು ಜೊತೆಯವರು ಹೇಳಿದರು. ನಾನು ವಿಷಯಾಂತರವೆಂದು ತಳ್ಳಿದುದೇ ಅವನ ವಿಷಯವಾಗಿದ್ದಿತು.

ಅವನು ಎದುರು ಬಂದು ಹೇಳಿಕೊಂಡಿದ್ದರೂ ನಾನು ಕೇಳುತ್ತಿದ್ದೆನೇ? ಸಂದೇಹ. 'ಧೈರ್ಯವಾಗಿರು', 'ನಿನ್ನ ವಯಸ್ಸಿನಲ್ಲಿ ನಾವು ಪಟ್ಟ ಕಷ್ಟ ನಿನಗೇನು ಗೊತ್ತು?' ಎಂಬ ಮಾತುಗಳು ನಮ್ಮ ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಉದ್ದೇಶ ಒಳ್ಳೆಯದೇ, ಆದರೆ ಅವು ಹೇಳಹೊರಟವನ ಬಾಯಿ ಮುಚ್ಚಿಸುತ್ತವೆ. ಗೀತೆಯ ಮೊದಲ ಅಧ್ಯಾಯವನ್ನೇ ನೋಡಿ. ಅರ್ಜುನನು ಮೈ ನಡುಗುವುದನ್ನೂ ಬಾಯಿ ಒಣಗುವುದನ್ನೂ ಹೇಳಿಕೊಂಡು, ಬಿಲ್ಲನ್ನು ಬಿಟ್ಟು ಕುಳಿತುಕೊಳ್ಳುವವರೆಗೂ ಕೃಷ್ಣನು ನಡುವೆ ಬಾಯಿ ಹಾಕುವುದಿಲ್ಲ. ಉಪದೇಶಕ್ಕೆ ಹೆಸರಾದ ಗ್ರಂಥದಲ್ಲಿಯೂ ಮೊದಲು ಬರುವುದು ಕೇಳುವ ಕೆಲಸ.

ಹಾಗೆಂದು ಅಧ್ಯಾಪಕ ಕಿವಿಗೊಟ್ಟ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆಪ್ತಸಮಾಲೋಚನೆ ಕಲಿತು ಮಾಡಬೇಕಾದ ಕೆಲಸ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಇದಕ್ಕೆಂದೇ ಅರ್ಹರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ನಿರ್ದೇಶಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯೂ ಇದೆ. 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕನ್ನಡದಲ್ಲಿ ಎಂಬುದು ಸಣ್ಣ ಸಂಗತಿಯಲ್ಲ. 'ಖಿನ್ನತೆ' ಪುಸ್ತಕದ ಪದ; ನಮ್ಮ ಮಕ್ಕಳು ಹೇಳುವುದು 'ಬೇಜಾರು' ಎಂದು. ಆ ಒಂದು ಪದದೊಳಗೆ ಮಳೆಗಾಲದ ಮಂಕೂ ಇರಬಹುದು, ಬದುಕೇ ಬೇಡವೆನ್ನಿಸುವ ಕತ್ತಲೆಯೂ ಇರಬಹುದು. ಯಾವುದೆಂದು ತಿಳಿಯಬೇಕಾದರೆ ಕೇಳಲೇಬೇಕು.

ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಏನಿಲ್ಲ ಸಾರ್, ಸುಮ್ಮನೆ ಬೇಜಾರು" ಎಂದಳು. ಪೆನ್ನಿಗೆ ಮುಚ್ಚಳ ಹಾಕಿ, "ಕೂತುಕೊಳ್ಳಮ್ಮ, ಎಷ್ಟು ದಿನದಿಂದ?" ಎಂದೆ. ಅರ್ಧ ಗಂಟೆಯ ಬಳಿಕ ಅವಳ ಒಪ್ಪಿಗೆ ಪಡೆದು ಆಪ್ತಸಮಾಲೋಚಕಿಯ ಕೊಠಡಿಯವರೆಗೆ ಜೊತೆಯಲ್ಲಿ ನಡೆದೆ. ಒಳಗೆ ಅವಳು ಏನು ಹೇಳಿದಳೋ ನನಗೆ ತಿಳಿಯದು, ತಿಳಿಯಬೇಕಾದುದೂ ಇಲ್ಲ. ಮರುದಿನ ಮೂರನೆಯ ಬೆಂಚಿನಲ್ಲಿ ಅವಳು ಕುಳಿತಿದ್ದಳು. ಹಾಜರಿ ಕರೆದೆ. "ಬಂದಿದ್ದೇನೆ ಸಾರ್" ಎಂದಳು.